ಹೊಗೆ ಸಾಮಾನು

ಹೋದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಮಗ ರೊಟ್ಟಿ ಮುರಿಯುತ್ತಾ, "ಸೋಮವಾರ ಆಲೂರಿಂದ ಮೆಕ್ಯಾನಿಕ್ ಬರ್ತಾನೆ. ಕಾರಿನ ಎಂಜಿನ್ ಎತ್ತಿ ಡೀಸೆಲ್ ಎಂಜಿನ್ ಕೂರಿಸ್ತಾನೆ. ಹಳೇದು ಗುಜರಿಗೆ," ಎಂದ. ಮೋಡ ಕವಿದಿದೆ, ಕಣದ ಮೇಲೆ ಟಾರ್ಪಾಲು ಎಳೆಯಿರಿ ಎನ್ನುವ ಹಾಗೆ ಹೇಳಿದ.

ನಾನು ಒಲೆಯ ಮುಂದಿದ್ದೆ. ತಿರುಗಿ ನೋಡದೆ, "ಎಂಜಿನ್ ಎತ್ತಂಗಿಲ್ಲ," ಎಂದೆ.

ನಿಮಗೆ ಗೊತ್ತಿರುವ ಹಾಗೆ ನಾನು ಅಡ್ಡ ಮಾತಾಡುವವಳಲ್ಲ. ಮನೆಗೆ ಹೊಸಬರು ಬಂದರೆ ಕಾಫಿ ಕೊಟ್ಟು ಒಳಗೆ ಸೇರಿಕೊಳ್ಳುವವಳು. ಮಗ ರೊಟ್ಟಿಯನ್ನು ತಟ್ಟೆಗೆ ಹಾಕಿದ. ಲೋಟ ತೊಳೆಯುತ್ತಿದ್ದ ಸೊಸೆ ನಲ್ಲಿ ನಿಲ್ಲಿಸಿದಳು.

"ಯಾಕವ್ವಾ? ಕಾರು ಎಲ್ಲೂ ಹೋಗಲ್ಲ. ಎಂಜಿನ್ ಒಂದೇ."

"ಕಾರು ಬೇಕಾದ್ರೆ ಕೊಟ್ಬುಡು. ಎಂಜಿನ್ ಬಿಡು."

ಸೊಸೆ ನಕ್ಕಳು. "ಎಂಜಿನ್ ಇಟ್ಕಂಡು ಏನ್ ಮಾಡ್ತೀರಿ ಅತ್ತೆ? ದೇವರ ಮನೇಲಿ ಜಾಗ ಇಲ್ಲ."

"ಓಡಿಸ್ತೀವಿ," ಎಂದೆ.

ಈ ಮಾತು ನಡೆದು ಒಂದು ವಾರದೊಳಗೆ ಆದದ್ದನ್ನು ಮೊಮ್ಮಕ್ಕಳಾದ ನಿಮಗೆ ಬರೆದಿಡುತ್ತಿದ್ದೇನೆ. ರಜೆಗೆ ಬಂದಾಗ ನೀವು ಕೇಳಿದಿರಿ, ಆದರೆ ಜಗಲಿ ತುಂಬ ಜನ ಇದ್ದರು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಆ ಕಾರನ್ನು ನಿಮ್ಮ ತಾತ ತಂದಾಗ ನನ್ನ ಮಗ ಇನ್ನೂ ತೊಟ್ಟಿಲಲ್ಲಿದ್ದ. ಯಾವುದೋ ದೇಶದ ಕಚೇರಿಯವರು ಮದ್ರಾಸಿನಲ್ಲಿ ಕೆಲವು ವರ್ಷ ಓಡಿಸಿ ಹರಾಜಿಗೆ ಹಾಕಿದ್ದು. ಅಂಥವೇ ಎರಡು ಕಾರು ಒಟ್ಟಿಗೆ ಬಂದವು. ಒಂದು ನಮ್ಮದು, ಇನ್ನೊಂದು ಬಿಸಿಲೆ ರಸ್ತೆಯ ದೊಡ್ಡ ತೋಟದವರದು. ಗೆಳೆಯರಿಬ್ಬರೂ ರೈಲಿನಲ್ಲಿ ಹೋಗಿ ಒಬ್ಬರ ಹಿಂದೆ ಒಬ್ಬರು ಓಡಿಸಿಕೊಂಡು ಬಂದರು. ಹೆತ್ತೂರಿನಲ್ಲಿ ಜನ ಅಂಗಡಿಯಿಂದ ಎದ್ದು ಬಂದು ನೋಡಿದರಂತೆ, ಸ್ಟೀರಿಂಗ್ ಎಡಗಡೆ ಇದೆಯೆಂದು.

ಎಡಗಡೆ ಸ್ಟೀರಿಂಗ್ ಇರುವ ಕಾರನ್ನು ನಮ್ಮ ರಸ್ತೆಯಲ್ಲಿ ಒಬ್ಬರೇ ಓಡಿಸಲು ಆಗುವುದಿಲ್ಲ. ಮುಂದೆ ಮರದ ಲಾರಿ ಹೋಗುತ್ತಿದ್ದರೆ ಎದುರಿನಿಂದ ಏನು ಬರುತ್ತಿದೆಯೆಂದು ಓಡಿಸುವವರಿಗೆ ಕಾಣುವುದಿಲ್ಲ. ಬಲಗಡೆ ಕೂತವರಿಗೆ ಕಾಣುತ್ತದೆ. ಬಲಗಡೆ ನಾನು. ತಲೆ ಹೊರಗೆ ಹಾಕಿ ನೋಡಿ "ಹೂಂ" ಅಂದರೆ ಅವರು ಮುಂದೆ ನುಗ್ಗುತ್ತಿದ್ದರು, "ಊಹೂಂ" ಅಂದರೆ ಲಾರಿಯ ಹಿಂದೆಯೇ. ನಿಜವಾ ಎಂದು ಅವರು ಎರಡನೇ ಸಲ ಕೇಳುತ್ತಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ನನ್ನ ಮಾತು ನಡೆದದ್ದು ಮೊದಲು ಆ ಕಾರಿನಲ್ಲೇ.

ಆ ಎಂಜಿನ್ನಿನ ಸದ್ದನ್ನು ನೀವು ಕೇಳಿಲ್ಲ. ಆರು ಸಿಲಿಂಡರು, ಒಂದೇ ಸಾಲಿನಲ್ಲಿ. ಜೀಪಿನ ಹಾಗೆ ಗುದ್ದುವುದಿಲ್ಲ. ಬೀಸುವ ಕಲ್ಲು ಸರಿಯಾಗಿ ಕೂತು ರಾಗಿ ನುಣ್ಣಗೆ ಬೀಳುವಾಗ ಬರುವ ಸದ್ದು ಅದು. ನಿಮ್ಮ ತಾತ ಹೋದ ಮೇಲೆ ಕಾರು ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ನಿಂತೇ ಇತ್ತು. ಪ್ರತಿ ಆಯುಧಪೂಜೆಗೆ ನಾನು ಪ್ಲಗ್ಗು ಬಿಚ್ಚಿ ಒಂದೊಂದು ಚಮಚ ಎಣ್ಣೆ ಬಿಟ್ಟು ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ಇಡುತ್ತಿದ್ದೆ. ಅವರು ಹೇಳಿಕೊಟ್ಟಿದ್ದ ಕೆಲಸ.

ಸೊಸೆಗೆ ನನ್ನ ಮಾತು ಹಿಡಿಸಿತು ಎಂದು ಕಾಣುತ್ತದೆ. ಮೈಸೂರಿನಲ್ಲಿ ಹಳೆಯ ಕಾರುಗಳನ್ನು ಮೊದಲಿದ್ದ ಹಾಗೆ ಮಾಡಿಕೊಡುವ ಒಬ್ಬರಿದ್ದಾರೆಂದು ಅವಳ ಅಣ್ಣ ಯಾವಾಗಲೋ ಹೇಳಿದ್ದನಂತೆ. ಅಂದೇ ಬಾನೆಟ್ಟು ಎತ್ತಿ ಫೋಟೋ ತೆಗೆದು ಕಳಿಸಿದಳು. ಮಧ್ಯಾಹ್ನ ಮೈಸೂರಿನವರ ಫೋನು ಬಂತು. ಮೂವರಿಗೂ ಕೇಳುವ ಹಾಗೆ ಸೊಸೆ ಫೋನನ್ನು ಊಟದ ಮೇಜಿನ ಮೇಲಿಟ್ಟಳು.

"ಎಂಜಿನ್ ತಿರುಗುತ್ತೆ ಅಂತೀರಿ, ಒಳ್ಳೇದು," ಎಂದರು ಅವರು. "ಆದರೆ ಫೋಟೋದಲ್ಲಿ ಹೊಗೆ ಹೋಗೋ ಕಡೆ ಆರು ಬೋಲ್ಟ್ ಕಾಣ್ತಿದೆ. ಅಲ್ಲಿ ಆರು ಬಾಯಿ ಇರೋ ಪೈಪ್ ಇರಬೇಕು. ಗಾಳಿ ಪಂಪ್ ಇಲ್ಲ. ಇದ್ದಿಲಿನ ಡಬ್ಬಿ ಇಲ್ಲ. ಹೊಗೆ ಕಡಿಮೆ ಮಾಡೋಕೆ ಅಂತ ಕಾರ್ಖಾನೆಯವರು ಹಾಕಿದ್ದ ಸಾಮಾನೆಲ್ಲಾ ಯಾರೋ ಕಿತ್ತಿದ್ದಾರೆ."

"ಕಿತ್ತಿರೋದು ಮೆಕ್ಯಾನಿಕ್ಕು ಸರ್, ನಾನು ಹುಟ್ಟಿದ ವರ್ಷ," ಎಂದ ಮಗ.

"ಎಲ್ಲಾ ಕಡೆ ಇದೇ ಕಥೆ. ಎಂಜಿನ್ ಸಿಗುತ್ತೆ, ಬಾಡಿ ಸಿಗುತ್ತೆ, ಈ ಸಾಮಾನು ಮಾತ್ರ ಸಿಗಲ್ಲ. ಐವತ್ತು ವರ್ಷ ದಾಟಿದ ಕಾರು ಹುಟ್ಟಿದ ಹಾಗೇ ಇದ್ರೆ ಅದಕ್ಕೆ ಬೇರೆ ನೋಂದಣಿ ಇದೆ. ಆ ಸಾಮಾನು ಪೂರ್ತಿ ಇದ್ರೆ ಎಂಜಿನ್ ಸಮೇತ ತಗೊಂಡು ಹೋಗಿ ಓಡೋ ಹಾಗೆ ಮಾಡ್ಕೊಡ್ತೀನಿ. ಇಲ್ಲದಿದ್ರೆ ನಾನು ಕೈ ಹಾಕಲ್ಲ. ನೀವು ಡೀಸೆಲ್ಲೇ ಹಾಕ್ಸಿ."

ಮಗ ನನ್ನ ಕಡೆ ನೋಡಿದ. ಕೇಳಿಸ್ತಾ ಎನ್ನುವ ನೋಟ.

"ಐತೆ ಅನ್ನು," ಎಂದೆ.

"ಏನು ಐತೆ?"

"ಎಲ್ಲಾ ಐತೆ."

"ಎಲ್ಲವ್ವಾ ಐತೆ?"

"ತೋಟದಲ್ಲಿ."

ಫೋನಿನಲ್ಲಿದ್ದವರು, ಶನಿವಾರ ಸಕಲೇಶಪುರಕ್ಕೆ ಬೇರೆ ಕೆಲಸಕ್ಕೆ ಬರುತ್ತೇನೆ, ಹಾಗೇ ನೋಡಿಕೊಂಡು ಹೋಗುತ್ತೇನೆ ಎಂದರು.

"ಆಯ್ತು," ಎಂದ ಮಗ. "ಎಲ್ಲಾ ಇದ್ರೆ ಎಂಜಿನ್ ಇರತ್ತೆ. ಒಂದು ಕಮ್ಮಿ ಆದ್ರೂ ಸೋಮವಾರ ಹೊರಗೆ. ಆಮೇಲೆ ಮುಖ ಊದಿಸ್ಕಬಾರದು."

"ನಾನ್ಯಾವಾಗ ಮುಖ ಊದಿಸ್ದೆ?"

"ಯಾವಾಗ ಊದಿಸಿಲ್ಲ ಅಂತ ಕೇಳು, ಬೇಗ ಹೇಳ್ಬಹುದು."

ಆ ಸಾಮಾನು ತೋಟಕ್ಕೆ ಹೇಗೆ ಹೋಯಿತೆಂದು ಈಗ ಹೇಳುತ್ತೇನೆ. ಕಾರು ಬಂದ ಮೊದಲ ಮಳೆಗಾಲದಲ್ಲಿ ಬಿಸಿಲೆ ಘಾಟಿಯಲ್ಲಿ ಅದು ಏದುಸಿರು ಬಿಟ್ಟಿತು. ಸಕಲೇಶಪುರದ ಮೆಕ್ಯಾನಿಕ್ ಒಬ್ಬ ಬಾನೆಟ್ಟಿನೊಳಗೆ ತಲೆ ಹಾಕಿ, "ಈ ಪಂಪು ಪೈಪು ಎಲ್ಲಾ ಹೊಗೆಗೆ ಮಾಡಿರೋವು ಗೌಡ್ರೆ. ಅವರ ದೇಶದಲ್ಲಿ ಕಾರಿನ ಹೊಗೆ ಅಳೀತಾರೆ. ನಮ್ಮಲ್ಲಿ ಅಡುಗೆ ಮನೆ ಹೊಗೇನೇ ಯಾರೂ ಕೇಳಲ್ಲ. ತೆಗೆದಾಕನ, ಘಾಟಿ ಒಂದೇ ಉಸಿರಿಗೆ ಹತ್ತುತ್ತೆ," ಎಂದ. ನಮ್ಮ ಸ್ಟೋರಿನ ಜಗಲಿಯಲ್ಲಿ ಎರಡೂ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿಕೊಂಡು ಎರಡರದ್ದೂ ಬಿಚ್ಚಿದ. ತೂತುಗಳಿಗೆ ಬೋಲ್ಟು ಬಡಿದ. ಆಮೇಲೂ ಕಾರು ಘಾಟಿಯನ್ನು ಎರಡನೇ ಗೇರಿನಲ್ಲೇ ಹತ್ತಿತು.

ಬಿಚ್ಚಿದ್ದನ್ನು ಬಿಸಾಡುವ ಪದ್ಧತಿ ತೋಟದ ಮನೆಗಳಲ್ಲಿ ಇಲ್ಲ. ಹರಿದ ಗೋಣಿಯೇ ನಾಲ್ಕು ಕೆಲಸಕ್ಕೆ ಬರುತ್ತದೆ. ಇನ್ನು ಕಬ್ಬಿಣವನ್ನು ಯಾರು ಬಿಡುತ್ತಾರೆ? ನಾನು ಸೀಮೆಎಣ್ಣೆಯಲ್ಲಿ ಒಂದೊಂದೇ ತೊಳೆದೆ. ಪಕ್ಕದಲ್ಲಿ ಕೂತು ನಿಮ್ಮ ತಾತ ಇದು ಇಂಥ ಕೆಲಸದ್ದು ಎಂದು ಹೇಳುತ್ತಾ ಹೋದರು. ಒಲೆಯಲ್ಲಿ ಸೌದೆ ಅರ್ಧ ಉರಿದು ಹೊಗೆಯಾಡುವಾಗ ಊದುಕೊಳವೆಯಲ್ಲಿ ಊದುತ್ತೇವಲ್ಲ, ಹೊಗೆಯೇ ಹತ್ತಿಕೊಂಡು ಉರಿಯುತ್ತದಲ್ಲ, ಗಾಳಿ ಪಂಪಿನ ಕೆಲಸ ಅಷ್ಟೇ. ಎಂಜಿನ್ನಿನಿಂದ ಬೆಲ್ಟು ತಿರುಗಿ ಪಂಪು ಊದುತ್ತದೆ. ಆರು ಬೆರಳಿನ ಕಬ್ಬಿಣದ ಕೊಳವೆ ಆ ಗಾಳಿಯನ್ನು ಆರೂ ಸಿಲಿಂಡರಿನ ಹೊಗೆಗೆ ಹಂಚುತ್ತದೆ. ಬಿಸಿ ಹೊಗೆ ತಿರುಗಿ ಪಂಪಿಗೆ ಬರದಂತೆ ನಡುವೆ ಒಂದು ವಾಲ್ವು, ಅದರಲ್ಲಿ ಒಂದೇ ದಿಕ್ಕಿಗೆ ದಾರಿ. ಅಣಬೆಯ ತಲೆಯ ಹಾಗಿರುವ ಇನ್ನೊಂದು ವಾಲ್ವು ಸುಟ್ಟ ಹೊಗೆಯನ್ನೇ ಒಂದಿಷ್ಟು ಎಂಜಿನ್ನಿಗೆ ಮರಳಿ ಕುಡಿಸುತ್ತದೆ. ಇದ್ದಿಲಿನ ಡಬ್ಬಿ ಪೆಟ್ರೋಲ್ ಟ್ಯಾಂಕಿನ ಘಾಟು ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಏಳನೇ ಕ್ಲಾಸಿನವರೆಗೆ ಓದಿದ ನನಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಎಲ್ಲ ಒಲೆಯ ಮುಂದೆ ದಿನಾ ನೋಡುವುದೇ.

ತೊಳೆದು ಒಣಗಿಸಿದ ಮೇಲೆ ಎರಡು ಗೋಣಿಚೀಲದಲ್ಲಿ ತುಂಬಿದೆವು. ಒಂದನ್ನು ದೊಡ್ಡ ತೋಟದ ಡ್ರೈವರ್ ಬಂದು ಹೊತ್ತುಕೊಂಡು ಹೋದ. ಉಳಿದದ್ದು ನಮ್ಮದು. ಒಂದೆರಡು ವರ್ಷದಲ್ಲಿ ಅದರಲ್ಲಿದ್ದ ಬಹುಪಾಲಿಗೆ ಕೆಲಸ ಸಿಕ್ಕಿತು.

ಫೋನು ಬಂದ ಮರುದಿನ ನಾನೂ ಸೊಸೆಯೂ ಬುಟ್ಟಿ ಹಿಡಿದು ಹೊರಟೆವು. ಮೊದಲು ನರ್ಸರಿ. ಆರು ಬೆರಳಿನ ಕೊಳವೆ ಅಲ್ಲಿತ್ತು. ಕಾಫಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗಳನ್ನು ಆರಾರು ಸಾಲು ಜೋಡಿಸಿ, ರಬ್ಬರ್ ಪೈಪಿಗೆ ಅದನ್ನು ಸಿಕ್ಕಿಸಿ ನೀರು ಬಿಟ್ಟರೆ ಒಂದೇ ಸಲಕ್ಕೆ ಆರು ಸಾಲಿಗೂ ತೆಳ್ಳಗೆ ಬೀಳುತ್ತಿತ್ತು. ಆ ಉಪಾಯ ನನ್ನದು. ಈ ತೋಟದ ಅರ್ಧ ಗಿಡಗಳು ಆ ಕೊಳವೆಯಲ್ಲಿ ನೀರು ಕುಡಿದೇ ದೊಡ್ಡವಾದವು. ವರ್ಷಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದುದರಿಂದ ತುಕ್ಕು ಮೇಲುಮೇಲೆ ಮಾತ್ರ ಇತ್ತು.

ಅಣಬೆ ತಲೆಯ ವಾಲ್ವು ಕೆಳಗಿನ ತೋಟದ ಗೇಟಿನಲ್ಲಿ ಹಗ್ಗಕ್ಕೆ ನೇತಾಡುತ್ತಿತ್ತು. ಗೇಟು ತಾನಾಗಿ ಮುಚ್ಚಿಕೊಳ್ಳಲಿ, ದನ ನುಗ್ಗದಿರಲಿ ಎಂದು ಕಟ್ಟಿದ ಭಾರ. ಬಿಚ್ಚುವಾಗ ಸೊಸೆ, "ಅತ್ತೆ, ನಾನು ಈ ಮನೆಗೆ ಬಂದಾಗಿಂದ ಇದನ್ನ ಗಂಟೆ ಅಂದ್ಕೊಂಡಿದ್ದೆ. ಎರಡು ಸಲ ಬಾರಿಸಕ್ಕೂ ನೋಡಿದೀನಿ," ಎಂದಳು.

ಇದ್ದಿಲಿನ ಡಬ್ಬಿ ಅಟ್ಟದಲ್ಲಿತ್ತು. ಅದಕ್ಕೆ ಯಾವ ಕೆಲಸವೂ ಒಗ್ಗಿರಲಿಲ್ಲ. ನಮ್ಮತ್ತೆ ಒಮ್ಮೆ ಅದನ್ನು ಅಲುಗಾಡಿಸಿ, ಒಳಗೆ ಇದ್ದಿಲು ಐತೆ ಅಂತೀರಿ, ಹಲ್ಲಿಗಾಗ್ತದೆ ಎಂದು ಬಾಯಿಯ ಹತ್ತಿರ ಒಯ್ದು ಮೂಸಿದವರು ಆ ದಿನವೆಲ್ಲ ಸೀನಿದರು. ಅಂದೇ ಅಟ್ಟಕ್ಕೆ ಹೋಯಿತು. ಒಂದೇ ದಿಕ್ಕಿನ ವಾಲ್ವು ಮತ್ತು ಎಂಜಿನ್ನಿನ ಹೊಟ್ಟೆಯೊಳಗಿನ ಹೊಗೆ ಎಳೆಯುವ, ಅಲುಗಾಡಿಸಿದರೆ ಕಿಟಿಕಿಟಿ ಎನ್ನುವ ಒಂದು ಪುಟ್ಟ ವಾಲ್ವು ನನ್ನ ಟ್ರಂಕಿನಲ್ಲೇ ಇದ್ದವು.

ಕೊನೆಗೆ ಪಂಪು. ಅದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಕುಲುಮೆಯಲ್ಲಿ, ಒಂದು ಸಣ್ಣ ಮೋಟಾರಿಗೆ ಬೆಲ್ಟಿನಲ್ಲಿ ಕಟ್ಟಿಸಿಕೊಂಡು ಬೆಂಕಿ ಊದುತ್ತಿತ್ತು. ಮಚ್ಚು, ಕತ್ತಿ ತಟ್ಟುವ ನಮ್ಮ ಕಮ್ಮಾರ ಅದನ್ನು ಸುಲಭಕ್ಕೆ ಬಿಡಲಿಲ್ಲ.

"ಇದನ್ನ ಕೊಟ್ಟು ನಾನು ಬಾಯಲ್ಲಿ ಊದ್ಲಾ ಅಮ್ಮಾರೆ?"

"ಸಕಲೇಶಪುರದಿಂದ ಹೊಸ ಬ್ಲೋಯರ್ ತರಿಸ್ಕೊಡ್ತೀನಿ."

"ಹೊಸಾದು ಅಂದ್ರೆ ಎರಡು ಮಳೆಗಾಲ. ಇದು ನಮ್ಮಪ್ಪನ ಕಾಲದಿಂದ ಒಂದು ದಿನ ಕೆಮ್ಮಿಲ್ಲ."

"ಅದಕ್ಕೇ ಕೇಳ್ತಿರೋದು ಕಣಪ್ಪ," ಎಂದೆ. ಅವನು ನಕ್ಕು ಬಿಚ್ಚಿಕೊಟ್ಟ.

ಶನಿವಾರ ಮೈಸೂರಿನವರು ಬಂದರು. ನಲವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಕಾಫಿ ಒಣಗಿಸುವ ಟಾರ್ಪಾಲಿನ ಮೇಲೆ ಎಲ್ಲವನ್ನೂ ಜೋಡಿಸಿಟ್ಟಿದ್ದೆ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವರು ಚಪ್ಪಲಿ ಬಿಟ್ಟು ಟಾರ್ಪಾಲಿನ ಮೇಲೆ ಮಂಡಿಯೂರಿ, "ಜೋಡಿಸಿದ್ದು ಯಾರು?" ಎಂದು ಕೇಳಿದರು. ಮಗ ನನ್ನ ಕಡೆ ಕೈ ತೋರಿಸಿದ. "ಬನ್ನಿ ಅಮ್ಮ, ಇಲ್ಲಿ ಕೂತ್ಕೊಳಿ," ಎಂದರು. ಹೋಗಿ ಕೂತೆ.

ಗುರುತು ಹಿಡಿಯುವುದನ್ನು ಅವರು ಮಾಡಿದ ರೀತಿ ನನಗೆ ಹಿಡಿಸಿತು. ಮೊದಲು ಎರಕದಲ್ಲಿ ಮೂಡಿದ ನಂಬರು. ಅದು ಈ ಜಾತಿಯ ಎಂಜಿನ್ನಿನದೇ ಎನ್ನುವುದಕ್ಕೆ. ಆಮೇಲೆ ಕೂರುವ ಜಾಗ. ಅಣಬೆ ವಾಲ್ವಿನ ತಳವನ್ನು ಎಂಜಿನ್ನಿನ ಮೇಲಿಟ್ಟು ನೋಡಿದರು. ಇಲ್ಲಿನ ಗೀರೂ ಅಲ್ಲಿನ ಗೀರೂ ಒಂದಕ್ಕೊಂದು ಕೂಡಿದವು. ಒಳಗಿನ ರಬ್ಬರಿನ ಪರದೆ ಹರಿದಿದೆ, ಹೊಸದು ಹಾಕಬಹುದು, ಮೈ ಇದರದ್ದೇ ಎಂದರು. ಒಂದೇ ದಿಕ್ಕಿನ ವಾಲ್ವನ್ನು ನಾನು ಸೆರಗಿನಿಂದ ಒರೆಸಿ ಒಂದು ಕಡೆಯಿಂದ ಊದಿ ತೋರಿಸಿದೆ, ಗಾಳಿ ಹೋಯಿತು. ಇನ್ನೊಂದು ಕಡೆಯಿಂದ ಊದಿದೆ, ಕೆನ್ನೆ ಉಬ್ಬಿತೇ ಹೊರತು ಹೋಗಲಿಲ್ಲ. ಆರು ಬೆರಳಿನ ಕೊಳವೆ ಹಿಡಿದು ಅವರು, "ಇದರ ಕೊನೇ ಬೆರಳು ಬಗ್ಗಿದೆಯಲ್ಲ," ಎಂದರು.

"ಬಗ್ಗಿಲ್ಲ. ಅದು ಇರೋದೇ ಹಾಗೆ," ಎಂದೆ. "ಸ್ಟೀರಿಂಗಿನ ಸರಳು ಆ ಕಡೆ ಇಳೀತದೆ. ಅದಕ್ಕೆ ದಾರಿ ಬಿಟ್ಟಿರೋದು."

ಅವರು ಎದ್ದು ಹೋಗಿ ಬಾನೆಟ್ಟಿನೊಳಗೆ ಹಿಡಿದು ನೋಡಿ ಬಂದರು. "ಸರಿ ಅಮ್ಮ. ಎಡಗಡೆ ಸ್ಟೀರಿಂಗಿನ ಕಾರಿಗೇ ಮಾಡಿದ್ದು."

ಕಿಟಿಕಿಟಿ ವಾಲ್ವನ್ನು ಮಾತ್ರ ಅವರು ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. "ಇದು ಕಾರಿನದ್ದಲ್ಲ."

"ಅದೇ," ಎಂದೆ. ಅಲುಗಾಡಿಸಿಯೂ ತೋರಿಸಿದೆ.

"ಶಬ್ದ ಸರಿಯಾಗೇ ಮಾಡುತ್ತೆ. ಆದರೆ ಇದು ಔಷಧಿ ಹೊಡೆಯೋ ಸ್ಪ್ರೇಯರಿನದ್ದು." ಆಮೇಲೆ ಅವರು ಎಂಜಿನ್ನಿನ ತಲೆಯ ಮುಚ್ಚಳದಿಂದ ಬೆರಳುದ್ದದ ಒಂದು ಸಾಮಾನನ್ನು ಎಳೆದು, ಕಿವಿಯ ಹತ್ತಿರ ಕಿಟಿಕಿಟಿ ಎನ್ನಿಸಿದರು. "ನಿಮ್ಮದು ಇಲ್ಲೇ ಇದೆ. ಇದನ್ನ ಯಾರೂ ಬಿಚ್ಚೇ ಇಲ್ಲ."

ಸ್ಪ್ರೇಯರಿನ ವಾಲ್ವನ್ನು ರೇಷ್ಮೆ ಸೀರೆಗಳ ನಡುವೆ ಅಷ್ಟು ವರ್ಷ ಕಾಪಾಡಿದ್ದೆ ಎಂದು ಸೊಸೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ.

ಪಂಪನ್ನು ಅವರು ಕೊನೆಗೆ ತೆಗೆದುಕೊಂಡರು. ನಂಬರು ಸರಿಯಿತ್ತು. ಕೈಯಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು. ಮಗ ಆಗಲೇ ಸೋತವನ ಹಾಗೆ ತಲೆ ಕೆರೆದುಕೊಳ್ಳುತ್ತಿದ್ದ. ಅವರು ಪಂಪಿನ ಬೆನ್ನನ್ನು ಬೆರಳಿನಿಂದ ಉಜ್ಜಿ, ಕಾರಿನ ಬಾಗಿಲ ಸಂದಿನಲ್ಲಿದ್ದ ತಗಡನ್ನು ಓದಿಕೊಂಡು ಬಂದು, ಮತ್ತೆ ಪಂಪನ್ನು ನೋಡಿದರು.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ಕಾರಿನದ್ದಲ್ಲ."

"ನಾನೇ ತೊಳೆದಿದ್ದು," ಎಂದೆ.

"ಇರಬಹುದು. ಇಲ್ಲಿ ನೋಡಿ, ಇಂಗ್ಲಿಷಿನ 'ಡಿ'. ಈ ಅಕ್ಷರ ಪಂಪ್ ಮಾಡಿದ ವರ್ಷಕ್ಕೆ ಗುರುತು. ನಿಮ್ಮ ಕಾರು ಅದರ ಹಿಂದಿನ ವರ್ಷ 'ಸಿ' ಅಕ್ಷರದ ಕಾಲದಲ್ಲಿ ತಯಾರಾಗಿದೆ. ಮಗು ಹುಟ್ಟಿ ವರ್ಷ ಆದ ಮೇಲೆ ಹೊಲಿಸಿದ ಅಂಗೀನ ಹುಟ್ಟಿದ ದಿನ ತೊಡಿಸೋಕೆ ಆಗಲ್ವಲ್ಲ."

ನಾನೂ ಬಗ್ಗಿ ನೋಡಿದೆ. ಅಕ್ಷರ ಸ್ಪಷ್ಟವಾಗಿತ್ತು. ಮಗ ಖುಷಿಪಟ್ಟ ಎಂದು ನಾನು ಹೇಳಲಾರೆ. ಆದರೆ, "ಒಂದು ಕಮ್ಮಿ ಆಯ್ತಲ್ಲವ್ವಾ," ಎಂದು ಮೆಲ್ಲಗೆ ಅಂದ.

ಅವರಿಗೆ ಕಾಫಿ ತರಲು ಒಳಗೆ ಹೋದೆ. ಹಾಲು ಉಕ್ಕುವವರೆಗೆ ನಿಂತು ಯೋಚಿಸಿದೆ. ಎರಡು ಕಾರು, ಒಂದೇ ಜಗಲಿ. ಎರಡು ಪಂಪು, ಒಂದೇ ಬೋಗುಣಿ. ಎರಡು ಗೋಣಿಚೀಲ, ಹೊರಗಿನಿಂದ ಒಂದೇ ಥರ. ದೊಡ್ಡ ತೋಟದ ಡ್ರೈವರ್ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗಿದ್ದ. ಆದರೆ ಅಣಬೆ ವಾಲ್ವಿನ ಗೀರು ನಮ್ಮ ಕಾರಿನ ಗೀರಿಗೇ ಕೂಡಿತ್ತು. ಹಾಗಾದರೆ ಚೀಲ ತುಂಬುವಾಗಲೇ ಪಂಪುಗಳು ಮಾತ್ರ ಅದಲು ಬದಲಾಗಿರಬೇಕು. ಹೊರಗೆ ಬಂದು ಇದನ್ನು ಹೇಳಿದೆ. ನಾಲ್ಕು ಜನ ಕೇಳುತ್ತಿದ್ದರು, ಪಂಪು ಏನಾಯಿತೆಂದು ನೋಡಲು ಬಂದಿದ್ದ ಕಮ್ಮಾರನೂ ಸೇರಿ. ಮಾತು ತಡವರಿಸಲಿಲ್ಲ.

"ಹಾಗಾದ್ರೆ ನಿಮ್ಮ ಪಂಪ್ ಅವರ ಮನೇಲಿ ಇರಬೇಕು," ಎಂದರು ಮೈಸೂರಿನವರು.

"ಅವರ ಕಾರೇ ಹೋಗಿ ಕಾಲ ಆಯ್ತು ಸರ್," ಎಂದ ಮಗ. "ಪಂಪ್ ಎಲ್ಲಿಂದ ಬರುತ್ತೆ?"

"ಕಾರು ಕೊಟ್ಟಿರ್ತಾರೆ. ಕಬ್ಬಿಣ ಬಿಸಾಕಿರಲ್ಲ," ಎಂದೆ.

ಮೈಸೂರಿನವರು ಎರಡು ರಾತ್ರಿ ಸಕಲೇಶಪುರದಲ್ಲೇ ಉಳಿದು ಸೋಮವಾರ ಹೊರಡುವವರಿದ್ದರು. "'ಸಿ' ಇದ್ದರೆ ಸೋಮವಾರಾನೇ ಲಾರಿ ಕಳಿಸ್ತೀನಿ. 'ಡಿ' ಇದ್ದರೆ ನನಗೆ ತಿಳಿಸಿ ಸಾಕು," ಎಂದು ಹೇಳಿ ಹೋದರು.

ಭಾನುವಾರ ಬೆಳಿಗ್ಗೆ ಸೊಸೆ ಜೀಪು ತೆಗೆದಳು. ಮಗ ತಾನೂ ಬರುತ್ತೇನೆಂದ. ಬೇಡ ಎಂದೆ. ಗಂಡಸರು ಹೋಗಿ ಕೇಳಿದರೆ ಅದು ವ್ಯವಹಾರವಾಗುತ್ತದೆ. ನಿಮ್ಮ ತಾತನ ಗೆಳೆಯರ ಹೆಂಡತಿ, ದೊಡ್ಡ ತೋಟದ ಅಕ್ಕನನ್ನು ನಾನು ಮದುವೆ, ತಿಥಿಗಳಲ್ಲಿ ಕಂಡು ಮಾತಾಡಿಸುತ್ತಿದ್ದೆನೇ ಹೊರತು ಅವರ ಮನೆಗೆ ಹೋಗಿ ಏನನ್ನೂ ಕೇಳಿದವಳಲ್ಲ. ಯಾರ ಮನೆಗೂ ಹೋಗಿ ಕೇಳಿದವಳಲ್ಲ. ಕುಲುಮೆಯ ಪಂಪನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬುಡದಲ್ಲಿಟ್ಟುಕೊಂಡಿದ್ದೆ. ಅವರ ಸಾಮಾನು ಅವರಿಗೆ ಸೇರಬೇಕಲ್ಲ.

ಅಕ್ಕನಿಗೆ ನನಗಿಂತ ಹತ್ತು ವರ್ಷ ಹೆಚ್ಚು. ಅಂಗಳದಲ್ಲಿ ಮೆಣಸು ಹರವುತ್ತಿದ್ದವರು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರಪ್ಪ ಇದು, ದಾರಿ ತಪ್ಪಿದ ಹಾಗೈತೆ."

"ದಾರಿ ತಪ್ಪಿಲ್ಲ ಅಕ್ಕ. ನಿಮ್ಮ ಹತ್ರಾನೇ ಬಂದೆ."

"ನಲವತ್ತು ವರ್ಷಕ್ಕೆ ಗ್ಯಾನ ಬಂತಾ? ಕೂರು. ಮೊದಲು ತಿಂಡಿ."

ಕಡುಬು ತಿಂದೆವು. ತಟ್ಟೆ ಎತ್ತುವ ಮೊದಲೇ ನಾನು ಬಟ್ಟೆ ಬಿಚ್ಚಿ ಪಂಪು ತೋರಿಸಿದೆ. "ಇಂಥದ್ದು ನಿಮ್ಮಲ್ಲಿ ಒಂದು ಇರಬೇಕು."

ಅಕ್ಕ ಅದನ್ನೊಮ್ಮೆ ನೋಡಿ ಎದ್ದು ಉಗ್ರಾಣಕ್ಕೆ ಕರೆದುಕೊಂಡು ಹೋದರು. ಅಕ್ಕಿಯ ಡ್ರಮ್ಮಿನ ಮುಚ್ಚಳದ ಮೇಲೆ ಅದು ಕೂತಿತ್ತು. ಮೈಗೆಲ್ಲ ಕೆಂಪು ಬಣ್ಣ, ನೆತ್ತಿಯ ಮೇಲೆ ಕುಂಕುಮ.

"ಮಂಗ ಮುಚ್ಚಳ ತೆಗೀತಿದ್ವು. ಇದನ್ನ ಇಟ್ಟ ಮೇಲೆ ಒಂದೂ ಮುಟ್ಟಿಲ್ಲ. ನಮ್ಮನೆಯವರು ಇಟ್ಟಿದ್ದು. ಬಣ್ಣ ವರ್ಷಾ ನಾನೇ ಬಳೀತೀನಿ."

"ಸ್ವಲ್ಪ ಬಣ್ಣ ಕೆರೀಲಾ ಅಕ್ಕ? ಬೆನ್ನಿನ ಕಡೆ."

"ಅಲಂಕಾರ ಮಾಡಿ ಕೂರಿಸಿದ್ರೆ ಬೆನ್ನು ಕೆರೀತೀನಿ ಅಂತಾಳೆ," ಎಂದು ಸೊಸೆಯ ಕಡೆ ತಿರುಗಿದರು. "ನಿಮ್ಮತ್ತೆ ಮೊದಲಿಂದ ಹಿಂಗೇನಾ?"

"ಈ ವಾರದಿಂದ ಅಮ್ಮ," ಎಂದಳು ಸೊಸೆ.

ಅಡುಗೆ ಮನೆಯಿಂದ ಚಾಕು ತಂದುಕೊಟ್ಟರು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಕೆರೆದೆ. ಬಣ್ಣ ಪದರ ಪದರವಾಗಿ ಏಳುತ್ತಿತ್ತು. ಒಂದು ಪದರದ ಕೆಳಗೆ ಹಸಿರು, ಅದರ ಕೆಳಗೆ ಮತ್ತೆ ಕೆಂಪು. ಮೊದಲು ಅಂಕಿಗಳು ಕಂಡವು, ಅವು ಸರಿಯಿದ್ದವು. ಅಕ್ಷರದ ಜಾಗದಲ್ಲಿ ಒಂದು ಬಾಗು ಕಂಡಿತು. 'ಸಿ'ಗೂ ಬಾಗು ಇದೆ, 'ಡಿ'ಗೂ ಇದೆ. ಅಲ್ಲಿ ಫೋನು ಹಿಡಿಯುವುದಿಲ್ಲ, ಕೇಳೋಣವೆಂದರೆ ಯಾರೂ ಇಲ್ಲ. ಚಾಕುವಿನ ತುದಿಯಿಂದ ಎಡಕ್ಕೂ ಬಲಕ್ಕೂ ಬಿಡಿಸುತ್ತಾ ಹೋದೆ. ಬಲಗಡೆ ತೆರೆದೇ ಇತ್ತು. ಅಡ್ಡ ಗೆರೆ ಎಲ್ಲೂ ಇರಲಿಲ್ಲ. ಉಗುರು ಹಾಕಿ ಇನ್ನೊಮ್ಮೆ ನೋಡಿದೆ.

"ನಮ್ಮದೇ," ಎಂದೆ.

ಸೊಸೆ ಬಗ್ಗಿ ನೋಡಿದಳು. ಅವಳೂ "ಸಿ" ಎಂದಳು.

ಆಮೇಲೆ ಅಕ್ಕನಿಗೆ ಇದು ಯಾಕೆ ಬೇಕೆಂದು ಹೇಳಿದೆ. ಕೊಡದಿದ್ದರೆ ನಾಳೆ ಎಂಜಿನ್ನು ಗುಜರಿಗೆ ಹೋಗುತ್ತದೆ ಎಂದೂ ಹೇಳಿದೆ. ಅವರು ಡ್ರಮ್ಮಿನ ಮೇಲೆ ಕೈಯೂರಿ ಕೇಳಿಸಿಕೊಂಡರು.

"ಅವರಿಟ್ಟಿದ್ದನ್ನ ನಾನು ಒಂದು ದಿನ ಜರುಗಿಸಿಲ್ಲ ಕಣೇ," ಎಂದರು.

ಅದೇ ಮಾತನ್ನು ಎಂಜಿನ್ನಿನ ಬಗ್ಗೆ ನಾನು ಹೇಳಿಕೊಂಡು ತಿರುಗುತ್ತಿದ್ದೆ. ಅಕ್ಕ ನಮ್ಮ ಬಟ್ಟೆಯ ಮೇಲಿದ್ದ ಇನ್ನೊಂದು ಪಂಪನ್ನು ನೋಡಿದರು.

"ಅದು ಯಾರದ್ದು?"

"ನಿಮ್ಮದು. ಚೀಲ ತುಂಬುವಾಗ ಅದಲು ಬದಲಾಗೈತೆ. ಇಷ್ಟು ವರ್ಷ ನಮ್ಮ ಕುಲುಮೇಲಿ ಇತ್ತು."

"ನಮ್ಮನೆಯವರ ಕಾರಿಂದಾ?"

"ಹೂಂ. ನಿಮ್ಮನೆಯವರ ಕಾರಿಂದು. ಇದು ನಮ್ಮನೆಯವರದ್ದು."

ಅಕ್ಕ ಅದನ್ನು ಎತ್ತಿಕೊಳ್ಳಲು ಹೋದರು, ಭಾರ ತಡೆಯಲಿಲ್ಲ. ಸೊಸೆ ಕೈ ಕೊಟ್ಟಳು. "ಅಕ್ಕಿ ಡ್ರಮ್ಮಿನ ಮೇಲೆ ಜಾಗ ಬರಿದು ಬಿಡಬಾರದು. ಮೊದ್ಲು ಇದನ್ನ ಇಡು, ಆಮೇಲೆ ಅದನ್ನ ತೆಗಿ," ಎಂದರು. ಹಾಗೆಯೇ ಮಾಡಿದೆವು. ಕಪ್ಪಗಿದ್ದ ಹೊಸ ಕಾವಲುಗಾರನಿಗೆ ಅಕ್ಕ ಅಲ್ಲೇ ಕುಂಕುಮ ಇಟ್ಟರು. "ಮಂಗ ಗುರುತು ಹಿಡಿದು ಬಂದ್ರೆ ನಿನಗೇ ಹೇಳಿ ಕಳಿಸ್ತೀನಿ. ನೀನೇ ಬಂದು ಸಮಾಧಾನ ಹೇಳ್ಬೇಕು."

"ಬರ್ತೀನಿ ಅಕ್ಕ," ಎಂದೆ. ಆಮೇಲೆ ಎರಡು ಸಲ ಹೋಗಿಯೂ ಇದ್ದೇನೆ, ಮಂಗ ಬಾರದೆಯೇ.

ಮನೆಗೆ ಬಂದಾಗ ಮಗ ಗೇಟಿನಲ್ಲೇ ನಿಂತಿದ್ದ. ಜೀಪು ನಿಲ್ಲುವ ಮೊದಲೇ ಬಂದು ಪಂಪಿನ ಬೆನ್ನು ತಿರುಗಿಸಿ ಓದಿದ. ಬಣ್ಣ ಎದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿ ಮತ್ತೊಮ್ಮೆ ಓದಿದ. "ಮಾತು ಮಾತೇ," ಎಂದು ಹೇಳಿ, ಮೈಸೂರಿನವರಿಗೆ ಫೋನು ಮಾಡಲು ಒಳಗೆ ಹೋದ.

ಆಲೂರಿನ ಮೆಕ್ಯಾನಿಕ್ಕಿಗೆ ಬರಬೇಡ ಎಂದು ಹೇಳುವುದನ್ನು ಆ ಸಂಭ್ರಮದಲ್ಲಿ ಮರೆತುಬಿಟ್ಟಿದ್ದ. ಸೋಮವಾರ ಬೆಳಿಗ್ಗೆ ಅವನು ಎಂಜಿನ್ ಎತ್ತುವ ಚೈನು, ಕಪ್ಪಿ ಎಲ್ಲಾ ತಂದು ಸ್ಟೋರಿನ ತೊಲೆಗೆ ಕಟ್ಟಲು ಶುರು ಮಾಡಿದ್ದ. ಮಗ ಹಲ್ಲುಜ್ಜುತ್ತಿದ್ದ. ನಾನೇ ಹೋದೆ.

"ಎಂಜಿನ್ ಎತ್ತಂಗಿಲ್ಲ."

"ಮತ್ತೆ ಗೌಡ್ರು ಬರಕ್ಕೆ ಹೇಳಿದ್ರು?"

"ಗೌಡ್ರೇ ಬೇಡ ಅಂದಿದಾರೆ. ಕಾರನ್ನ ಹೀಗೇ ಲಾರಿಗೆ ಹತ್ತಿಸಬೇಕು. ನಿನ್ನ ಕೂಲಿ ಎಲ್ಲೂ ಹೋಗಲ್ಲ."

ಅವನು ಒಂದು ಸುತ್ತು ಕಾರು ನೋಡಿ, ಬಾನೆಟ್ಟಿನೊಳಗೆ ಬಗ್ಗಿ, "ಎಂಜಿನ್ ಚೆನ್ನಾಗೈತೆ ಬಿಡಿ. ಎತ್ತಿದ್ರೆ ನನಗೂ ಪಾಪ ಬರೋದು," ಎಂದು ಚೈನನ್ನು ತೊಲೆಯಿಂದ ಬಿಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಲಾರಿ ಬಂತು. ಹಲಗೆ ಹಾಸಿ, ಅದೇ ಚೈನಿನಲ್ಲಿ ಎಳೆದು, ಹಿಂದಿನಿಂದ ಲೈನ್ ಮನೆಯ ಕೂಲಿ ಆಳುಗಳು ತಳ್ಳಿ ಕಾರನ್ನು ಹತ್ತಿಸಿದರು. ಕೊಳವೆ, ಅಣಬೆ, ಡಬ್ಬಿ, ವಾಲ್ವು ಎಲ್ಲವನ್ನೂ ಹಳೆಯ ಸೀರೆಯಲ್ಲಿ ಬೇರೆಬೇರೆ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ಪಂಪನ್ನೂ ಅಲ್ಲೇ ಇಡಲು ಹೋದಾಗ ಮಗ ಕೈ ಚಾಚಿದ. ಅದು ಉರುಳಾಡಿದರೆ ಬೋಲ್ಟು ಹಾಕುವ ಕಿವಿ ಮುರಿಯುತ್ತದಂತೆ, ಮೈಸೂರಿನವರು ಹೇಳಿದರಂತೆ. ಅವನು ಕೆಲಸ ಶುರುವಾಗುವುದನ್ನು ನೋಡಿಕೊಂಡು ಬರುತ್ತೇನೆಂದು ಲಾರಿಯಲ್ಲೇ ಹೊರಟಿದ್ದ.

"ಅಲ್ಲಿ ಹೋಗಿ ಮತ್ತೆ ಡೀಸೆಲ್ ಅನ್ನಬೇಡ," ಎಂದೆ.

"ನಿನಗೆ ಹೆದರದೇ ಇದ್ರೂ ದೊಡ್ಡ ತೋಟದ ದೊಡ್ಡವ್ವನಿಗೆ ಹೆದರಬೇಕಲ್ಲ," ಎಂದ.

ಲಾರಿ ಇಳಿಜಾರಿನಲ್ಲಿ ತಿರುಗುವಾಗ ನೋಡಿದೆ. ಡ್ರೈವರಿನ ಪಕ್ಕದಲ್ಲಿ ನನ್ನ ಮಗ ಕೆಂಪು ಬಣ್ಣದ ಆ ಪಂಪನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.